ಅಮ್ಮ ‘ಅಟ್ಟ’ ಆಗದ ಹಾಗೆ: ಮೋರ್ಸ್ ಗುಟ್ಟಿನ ಒಡವೆ ಮಾಡಿ ಕೊಡುವ ಬಗೆ

ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಒಂದು ಬೆಳ್ಳಿ ಪದಕ ಮಾಡಿಸಿದ್ದೆ. ಅದರ ಹಿಂಬದಿಯಲ್ಲಿ ಮೋರ್ಸ್ ಸಂಕೇತದಲ್ಲಿ, ಅಂದರೆ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಚುಕ್ಕೆ-ಗೀಟುಗಳಲ್ಲಿ ಬರೆಯುವ ಹಳೆಯ ತಂತಿ ಭಾಷೆಯಲ್ಲಿ, ‘ಅಮ್ಮ’ ಅಂತ ಕೊರೆಸುವ ಆಸೆ. ಚುಕ್ಕೆ, ಗೀಟುಗಳನ್ನು ಫೋನಿನಲ್ಲೇ ಟೈಪ್ ಮಾಡಿ ಕೊರೆಯುವವರಿಗೆ ಕಳಿಸಿದೆ. ಎರಡು ಪುಟ್ಟ ಗೀಟು ಪಕ್ಕಪಕ್ಕ ಬಂದ ಕಡೆಯೆಲ್ಲ ನನ್ನ ಫೋನು ಜಾಣತನ ತೋರಿಸಿ, ಎರಡನ್ನೂ ಕೂಡಿಸಿ ಒಂದೇ ಉದ್ದ ಗೀಟು ಮಾಡಿತ್ತು. ನಾನು ಗಮನಿಸಲಿಲ್ಲ. ಪಾಪ, ಅವರು ಬಂದಿದ್ದನ್ನು ಬಂದ ಹಾಗೇ ಕೊರೆದರು.

ಮೋರ್ಸ್‌ನಲ್ಲಿ ಎರಡು ಗೀಟು ಅಂದರೆ ‘ಎಂ’. ಒಂದು ಗೀಟು ಅಂದರೆ ‘ಟಿ’. ಎ-ಎಂ-ಎಂ-ಎ ಹೋಗಿ ಎ-ಟಿ-ಟಿ-ಎ ಆಯ್ತು. ಅಮ್ಮ ಇವತ್ತಿಗೂ ಕತ್ತಿನಲ್ಲಿ ‘ಅಟ್ಟ’ ಹಾಕಿಕೊಂಡು ಓಡಾಡುತ್ತಾರೆ. ಬದಲಾಯಿಸಿ ಕೊಡ್ತೀನಿ ಅಂದರೂ ಕೇಳುವುದಿಲ್ಲ.

ಆಮೇಲೆ ನಾನೇ ಮಣಿ ತಂದು ಪೋಣಿಸಲು ಕಲಿತೆ. ಅಕ್ಕ, ಅಪ್ಪ, ಗೆಳತಿಯರು ಅಂತ ಒಂದಷ್ಟು ಬಳೆ, ಸರ ಮಾಡಿ ಕೊಟ್ಟಿದ್ದೇನೆ. ಕೈಕೆಲಸ ಕಷ್ಟವೇನಲ್ಲ, ಒಂದು ಸಂಜೆ ಸಾಕು. ಜನ ಎಡವುವುದು ಪೋಣಿಸುವ ಮುಂಚಿನ ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಆ ಲೆಕ್ಕದ ಮಾತೇ ಜಾಸ್ತಿ.

ಮೋರ್ಸ್ ಅಂದರೆ ಇಷ್ಟೇ

1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿಯ ಮೂಲಕ ಸಂದೇಶ ಕಳಿಸಿ ತೋರಿಸಿದ. ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತಿದ್ದು 2013ರ ಜುಲೈನಲ್ಲಿ. ಹಳಬರ ಮನೆಗಳಲ್ಲಿ ‘ತಂತಿ ಬಂತು’ ಅಂದರೆ ಮೊದಲು ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ಲಕೋಟೆ ಒಡೆಯುತ್ತಿದ್ದರು. ಅದೇ ಚುಕ್ಕೆ-ಗೀಟು ಈಗ ಹುಟ್ಟುಹಬ್ಬದ ಉಡುಗೊರೆಯಲ್ಲಿ ಬರುತ್ತಿದೆ.

ಒಂದು ಎಚ್ಚರ. ಮೋರ್ಸ್‌ನಲ್ಲಿ ಎರಡು ಬಗೆ ಇದೆ. ಅಮೆರಿಕದ ಹಳೆಯ ರೈಲ್ವೆ, ತಂತಿ ಕಚೇರಿಗಳದ್ದು ಒಂದು, ಅಂತಾರಾಷ್ಟ್ರೀಯ ಮೋರ್ಸ್ ಇನ್ನೊಂದು. ಹಳೆಯ ಅಮೆರಿಕನ್ ಪಟ್ಟಿಯಲ್ಲಿ ‘ಪಿ’ ಅಂದರೆ ಐದು ಚುಕ್ಕೆ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಐದು ಚುಕ್ಕೆ ಅಂದರೆ 5 ಎಂಬ ಅಂಕಿ. ತಪ್ಪು ಪಟ್ಟಿ ಹಿಡಿದರೆ ‘ಅಪ್ಪ’ ಹೋಗಿ ‘ಎ55ಎ’ ಆಗುತ್ತದೆ, ಯಾವುದೋ ಗಾಡಿಯ ನಂಬರ್ ಥರ. ನಮಗೆ ಬೇಕಾದ್ದು ಅಂತಾರಾಷ್ಟ್ರೀಯ ಮೋರ್ಸ್. ಅದರ ಅಕ್ಷರಗಳು ಇವು:

ಎ • –
ಬಿ – • • •
ಸಿ – • – •
ಡಿ – • •
ಇ •
ಎಫ್ • • – •
ಜಿ – – •
ಎಚ್ • • • •
ಐ • •
ಜೆ • – – –
ಕೆ – • –
ಎಲ್ • – • •
ಎಂ – –
ಎನ್ – •
ಓ – – –
ಪಿ • – – •
ಕ್ಯೂ – – • –
ಆರ್ • – •
ಎಸ್ • • •
ಟಿ –
ಯು • • –
ವಿ • • • –
ಡಬ್ಲ್ಯು • – –
ಎಕ್ಸ್ – • • –
ವೈ – • – –
ಝಡ್ – – • •

ಅಂಕಿಗಳಿಗೆ ತಲಾ ಐದು ಗುರುತು. 1 ಅಂದರೆ ಒಂದು ಚುಕ್ಕೆ, ನಾಲ್ಕು ಗೀಟು. 2 ಅಂದರೆ ಎರಡು ಚುಕ್ಕೆ, ಮೂರು ಗೀಟು. ಹೀಗೇ 5ಕ್ಕೆ ಬರುವಷ್ಟರಲ್ಲಿ ಐದೂ ಚುಕ್ಕೆ. 6ರಿಂದ ಗೀಟು ಮೊದಲು ಬರುತ್ತದೆ: ಒಂದು ಗೀಟು, ನಾಲ್ಕು ಚುಕ್ಕೆ. 0 ಅಂದರೆ ಐದೂ ಗೀಟು.

ಹಂತ 1: ಪದ ಆರಿಸುವುದು

ಇದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡ ಪದ ಬೇಕಾದರೆ ನಾವು ವಾಟ್ಸ್ಯಾಪ್‌ನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಕು. ತಕರಾರು ಶುರುವಾಗುವುದು ಇಲ್ಲೇ. ‘ತಂಗಿ’ಯನ್ನು ಒಬ್ಬರು ಟಿ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಟಿ-ಎಚ್ ಹಾಕುತ್ತಾರೆ. ಎಚ್ ಸೇರಿದರೆ ನಾಲ್ಕು ಚುಕ್ಕೆ ಜಾಸ್ತಿ. ಯಾವುದು ಸರಿ? ಒಡವೆ ಹಾಕಿಕೊಳ್ಳುವವರು ಹೇಗೆ ಬರೆಯುತ್ತಾರೋ ಅದೇ ಸರಿ. ಅವರ ಹಳೆಯ ಮೆಸೇಜುಗಳನ್ನು ತೆಗೆದು ನೋಡಿ. ಮುಂದೊಂದು ದಿನ ಬಿಡಿಸಿ ಓದುವವರು ಅವರೇ ಅಲ್ವಾ?

ಕೈಗೆ ಹಾಕುವ ಸರಕ್ಕೆ ಒಟ್ಟು 8ರಿಂದ 18 ಗುರುತು ಚೆನ್ನಾಗಿರುತ್ತದೆ. ನಾನು ಎಣಿಸಿಟ್ಟುಕೊಂಡ ಕೆಲವು: ಅಮ್ಮ 8, ಅಣ್ಣ 8, ಅಕ್ಕ 10, ಎಚ್ ಇಲ್ಲದ ತಂಗಿ 10, ಪುಟ್ಟಿ 11, ಅಪ್ಪ 12, ಅಜ್ಜಿ 12, ಮುದ್ದು 14, ಚಿನ್ನ 16, ಬಂಗಾರ 18. ಇಪ್ಪತ್ತು ದಾಟಿದರೆ ಕತ್ತಿನ ಸರಕ್ಕೆ ಹೋಗಿ.

‘ಐ ಲವ್ ಯು’ ಎಲ್ಲರೂ ಮಾಡುತ್ತಾರೆ. ಅಂಗಡಿಯಲ್ಲೂ ರೆಡಿ ಸಿಗುತ್ತದೆ. ನನಗೆ ಅದು ಸಪ್ಪೆ ಅನಿಸುತ್ತದೆ. ಮನೆಯೊಳಗೆ ಮಾತ್ರ ಕರೆಯುವ ಹೆಸರು, ಫೋನಿಡುವಾಗ ಹೇಳುವ ಮಾತು ಇಂಥವು ಒಳ್ಳೆಯವು. ಗೆಳತಿಯೊಬ್ಬಳು ಓದಲು ಹೊರದೇಶಕ್ಕೆ ಹೊರಟಾಗ ನಾನು ಹಾಕಿದ್ದು ‘ಬೇಗ ಬಾ’. ಬಿ-ಇ-ಜಿ-ಎ, ಬಿ-ಎ. ಒಟ್ಟು 16 ಗುರುತು, ಕೈಸರಕ್ಕೆ ಸರಿಯಾಗಿ ಕೂರುತ್ತದೆ. ‘ಬೇಗ ಮನೆಗೆ ಬಾ’ ಅಂದರೆ 27 ಆಗಿಬಿಡುತ್ತದೆ. ತಂತಿ ಕಾಲದಿಂದ ಬಂದು ಹ್ಯಾಂ ರೇಡಿಯೋದವರು, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಸಂದೇಶ ಕಳಿಸುವವರು, ಇವತ್ತಿಗೂ ಬಳಸುವ ಅಂಕಿಗಳೂ ಇವೆ. 73 ಅಂದರೆ ಶುಭ ಹಾರೈಕೆ, 88 ಅಂದರೆ ಪ್ರೀತಿ ಮತ್ತು ಮುತ್ತು. 88ಕ್ಕೆ ಹತ್ತೇ ಗುರುತು.

ಇದು ಗುಟ್ಟು ಅಂತ ಹೇಳುತ್ತೇವೆ, ಆದರೆ ದೊಡ್ಡ ಗುಟ್ಟೇನಲ್ಲ. ಪಟ್ಟಿ ಗೊತ್ತಿದ್ದವರು ಬಸ್ಸಿನಲ್ಲಿ ಎದುರು ಕೂತೇ ಓದಿಬಿಡಬಹುದು. ಅತ್ತೆ ಮನೆಯಲ್ಲಿ ಓದಿದರೆ ಮುಜುಗರ ಆಗುವಂಥದ್ದು ಬೇಡ. ಎಟಿಎಂ ಪಿನ್ ಅಂತೂ ಬೇಡವೇ ಬೇಡ.

ಹಂತ 2: ಖಾಲಿ ಜಾಗದ ಲೆಕ್ಕ

ನಿಧಾನವಾಗಿ ಓದಬೇಕಾದ ಭಾಗ ಇದು.

‘ಅಮ್ಮ’ ಹೀಗಿದೆ: • –, – –, – –, • –. ಅಕ್ಷರಗಳ ಮಧ್ಯೆ ಜಾಗ ಬಿಡದೆ ಪೋಣಿಸಿದರೆ ಒಂದು ಚುಕ್ಕೆ, ಐದು ಗೀಟು, ಒಂದು ಚುಕ್ಕೆ, ಒಂದು ಗೀಟು ಬರುತ್ತದೆ. ಇದನ್ನು ಓದುವವರು ಎಲ್ಲಿ ಬೇಕಾದರೂ ತುಂಡು ಮಾಡಬಹುದು. ಮೊದಲ ಐದು ಗುರುತನ್ನು ಒಟ್ಟಿಗೆ ಓದಿದರೆ 1. ಉಳಿದ ಮೂರು ಸೇರಿ ‘ಕೆ’. ಅಂದರೆ ‘1ಕೆ’. ಅಮ್ಮನಿಗೆ ಒಂದು ಸಾವಿರ ರೂಪಾಯಿಯ ಬೆಲೆಚೀಟಿ ಕಟ್ಟಿದ ಹಾಗೆ! ಬೇರೆ ಥರ ತುಂಡು ಮಾಡಿದರೆ ‘ಜೆ-ಎಂ-ಎ’ ಬರುತ್ತದೆ, ‘ಡಬ್ಲ್ಯು-ಓ-ಎ’ ಕೂಡ ಬರುತ್ತದೆ. ಮಣಿಗಳು ಅವೇ, ಅವುಗಳ ಸಾಲೂ ಅದೇ. ಮಧ್ಯದ ಜಾಗ ಇಲ್ಲದಿದ್ದರೆ ಅದು ಅಮ್ಮ ಅಲ್ಲ.

ತಂತಿ ಕಳಿಸುವಾಗ ಇದಕ್ಕೆ ಕಟ್ಟುನಿಟ್ಟಾದ ಅಳತೆ ಇತ್ತು. ಚುಕ್ಕೆಯ ಹೊತ್ತು ಒಂದು ಪಾಲು ಅಂತ ಇಟ್ಟುಕೊಂಡರೆ ಗೀಟಿಗೆ ಮೂರು ಪಾಲು. ಒಂದೇ ಅಕ್ಷರದೊಳಗಿನ ಬಿಡುವು ಒಂದು ಪಾಲು. ಎರಡು ಅಕ್ಷರಗಳ ನಡುವೆ ಮೂರು, ಎರಡು ಪದಗಳ ನಡುವೆ ಏಳು. ಮಣಿಯಲ್ಲಿ ಇಷ್ಟು ಬಿಗಿ ಬೇಕಿಲ್ಲ. ಗುಂಡು ಮಣಿ ಚುಕ್ಕೆ, ಉದ್ದನೆ ಮಣಿ ಗೀಟು. ಅಕ್ಷರದೊಳಗೆ ಮಣಿಗಳು ಒಂದಕ್ಕೊಂದು ತಾಗಿಕೊಂಡೇ ಇರಲಿ. ಅಕ್ಷರ ಮುಗಿದ ಕೂಡಲೇ ಬೇರೆ ಬಣ್ಣದ ಎರಡು ಪುಟ್ಟ ಮಣಿ. ಪದ ಮುಗಿದರೆ ಒಂದು ಮುತ್ತು. ಅಷ್ಟೇ ಸಾಕು.

ಈ ನಡುವಿನ ಮಣಿಗೆ ನಾನು ಬಳಸುವುದು ಕರಿಮಣಿ. ಚಿನ್ನದ ಗುಂಡು, ಮಧ್ಯೆ ಕರಿಮಣಿ ಅಂದರೆ ನಮ್ಮ ಕಣ್ಣಿಗೆ ಎಷ್ಟು ಒಗ್ಗಿದೆ ಅಂದರೆ, ಅದರಲ್ಲಿ ಸಂದೇಶ ಇದೆ ಅಂತ ಯಾರಿಗೂ ಅನುಮಾನವೇ ಬರುವುದಿಲ್ಲ. ಮನೆಯಲ್ಲಿ ಅಜ್ಜಿಯ ಹರಿದ ಕರಿಮಣಿ ಸರ ಡಬ್ಬಿಯಲ್ಲಿ ಬಿದ್ದಿದ್ದರೆ ಕೇಳಿ ತಗೊಳ್ಳಿ. ನನ್ನ ಅಕ್ಕನ ಕೈಸರದ ಕಪ್ಪು ಮಣಿಗಳೆಲ್ಲ ಅಜ್ಜಿಯವು. ಸಂದೇಶಕ್ಕಿಂತ ಅದೇ ಅವಳಿಗೆ ದೊಡ್ಡದಾಯ್ತು.

ಇನ್ನು ದಿಕ್ಕು. ಕೈಸರ ತಿರುಗುತ್ತಲೇ ಇರುತ್ತದೆ, ತಲೆಕೆಳಗೂ ಆಗುತ್ತದೆ. ಆಗ ‘ಎ’ ಉಲ್ಟಾ ಆಗಿ ‘ಎನ್’ ಆಗುತ್ತದೆ, ‘ಎನ್’ ಹೋಗಿ ‘ಎ’ ಆಗುತ್ತದೆ. ಒಂದು ಮಜಾ ನೋಡಿ. ‘ಅಣ್ಣ’ ಅಂದರೆ ಎ-ಎನ್-ಎನ್-ಎ. ಉಲ್ಟಾ ಹಾಕಿಕೊಂಡರೆ ಎನ್-ಎ-ಎ-ಎನ್, ಅಂದರೆ ‘ನಾನ್’! ಕೆಲವು ಅಣ್ಣಂದಿರಿಗೆ ಅದೇ ಸರಿಯಾಗಿ ಹೊಂದುತ್ತದೆ, ಬಿಡಿ. ಇದು ತಪ್ಪಬೇಕಾದರೆ ಶುರುವಿನಲ್ಲಿ ಒಂದೇ ಒಂದು ಕೆಂಪು ಹವಳದ ಮಣಿ ಹಾಕಿ. ಹವಳದಿಂದ ಓದಲು ಶುರು ಮಾಡಬೇಕು ಅಂತ ಗುರುತು.

ಹಂತ 3: ಮಣಿ ತರುವುದು

ಬೆಂಗಳೂರಿನವರಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಒಳ ಓಣಿಗಳಲ್ಲಿ ಮಣಿ ಅಂಗಡಿಗಳಿವೆ. ಬೇರೆ ಊರಲ್ಲಿ ಫ್ಯಾನ್ಸಿ ಸ್ಟೋರ್, ಟೇಲರಿಂಗ್ ಸಾಮಾನಿನ ಅಂಗಡಿ ಕೇಳಿ. ಆರಿ ಕೆಲಸದವರಿಗೆ ಬೇಕಾದ ಮಣಿಯೆಲ್ಲ ಅಲ್ಲಿರುತ್ತದೆ. ಬೇಕಾದ್ದು ಇಷ್ಟು: 3 ಮಿಲಿಮೀಟರ್ ಗುಂಡು ಮಣಿ, 6 ಮಿಲಿಮೀಟರ್ ಕೊಳವೆ ಮಣಿ, 2 ಮಿಲಿಮೀಟರ್ ಕರಿಮಣಿ, ಒಂದು 4 ಮಿಲಿಮೀಟರ್ ಹವಳದ ಬಣ್ಣದ ಮಣಿ, 0.5 ಅಥವಾ 0.6 ಮಿಲಿಮೀಟರ್ ದಪ್ಪದ ಎಲಾಸ್ಟಿಕ್ ದಾರ. ಸಾಮಾನ್ಯವಾಗಿ ಕೊಡುವ 0.8 ದಾರ ಕರಿಮಣಿಯ ತೂತಿನಲ್ಲಿ ಹೋಗದೆ ಸತಾಯಿಸುತ್ತದೆ. ಅಂಗಡಿಯಲ್ಲೇ ಒಂದು ಮಣಿ ಪೋಣಿಸಿ ನೋಡಿ.

ಕೊಳವೆ ಮಣಿ ಕೊಳ್ಳುವಾಗ ಜಾಗ್ರತೆ. ಗಾಜಿನದ್ದು ನೋಡಲು ಚೆಂದ, ಆದರೆ ಅದರ ತುದಿ ಬ್ಲೇಡಿನ ಹಾಗೆ ದಾರ ಕತ್ತರಿಸುತ್ತದೆ. ಬೆರಳ ತುದಿಯಿಂದ ಸವರಿ ನೋಡಿ, ಚುಚ್ಚಿದರೆ ಬೇಡ. ಲೋಹದ್ದು, ತುದಿ ನುಣ್ಣಗಿರುವುದು ವಾಸಿ. ಗೀಟು ಚುಕ್ಕೆಗಿಂತ ಕನಿಷ್ಠ ಎರಡು ಪಟ್ಟು ಉದ್ದ ಇರಬೇಕು. 3 ಮಿಲಿಮೀಟರ್ ಗುಂಡಿನ ಪಕ್ಕ 4 ಮಿಲಿಮೀಟರ್ ಕೊಳವೆ ಇಟ್ಟರೆ ಒಂದು ಮಾರು ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.

ಗಂಡಸರಿಗೆ, ದೊಡ್ಡ ಮಕ್ಕಳಿಗೆ ಚನ್ನಪಟ್ಟಣದ ಅರಗು ಬಣ್ಣದ ಮರದ ಮಣಿ ಚೆನ್ನಾಗಿರುತ್ತದೆ. ಹಗುರ, ಕೈಗೆ ಬೆಚ್ಚಗೆ. ಪಂಚಮಿ ಹಬ್ಬಕ್ಕೆ ಅಣ್ಣನಿಗೆ ಕೊಡಲು ನಾನು ಅದನ್ನೇ ಆರಿಸಿದ್ದೆ. ಮೂರು ವರ್ಷದೊಳಗಿನ ಮಗುವಿಗೆ ಮಾತ್ರ ಯಾವ ಮಣಿಸರವೂ ಬೇಡ. ಹರಿದರೆ ನೇರ ಬಾಯಿಗೆ ಹೋಗುತ್ತದೆ.

ಹಂತ 4: ಅಳತೆ

ಮಣಿಕಟ್ಟಿನ ಸುತ್ತ ಒಂದು ದಾರ ಸುತ್ತಿ, ಅದನ್ನು ಸ್ಕೇಲಿನ ಮೇಲಿಟ್ಟು ನೋಡಿ. ಗುಟ್ಟಾಗಿ ಮಾಡುವವರು ಅವರ ವಾಚಿನ ಪಟ್ಟಿಯನ್ನು ಅಳೆಯಿರಿ. ಬಂದ ಅಳತೆಗೆ ಒಂದೂವರೆ ಸೆಂಟಿಮೀಟರ್ ಸೇರಿಸಿ.

ಉದಾಹರಣೆಗೆ ಮಣಿಕಟ್ಟು 16 ಸೆಂಟಿಮೀಟರ್. ಸರ 17.5 ಸೆಂಟಿಮೀಟರ್ ಇರಬೇಕು, ಅಂದರೆ 175 ಮಿಲಿಮೀಟರ್. ಪದ ‘ಅಮ್ಮ’. ಎರಡು ಚುಕ್ಕೆಗೆ 6 ಮಿಲಿಮೀಟರ್. ಆರು ಗೀಟಿಗೆ 36. ಅಕ್ಷರಗಳ ನಡುವೆ ಮೂರು ಬಿಡುವು, ಒಂದೊಂದಕ್ಕೆ ಎರಡೆರಡು ಕರಿಮಣಿ, ಒಟ್ಟು 12. ಹವಳ 4. ಎಲ್ಲ ಕೂಡಿ 58. ಉಳಿದ 117 ಮಿಲಿಮೀಟರ್ ತುಂಬಲು 58 ಕರಿಮಣಿ ಬೇಕು. ಹವಳದ ಹಿಂದೆ 29, ಸಂದೇಶದ ಮುಂದೆ 29. ಹೀಗೆ ಮಾಡಿದರೆ ಗಂಟು ಮಣಿಕಟ್ಟಿನ ಒಳಬದಿಗೆ ಹೋಗುತ್ತದೆ, ಸಂದೇಶ ಮೇಲುಗಡೆ ನಡುಮಧ್ಯೆ ಕೂರುತ್ತದೆ.

ಪೋಣಿಸುವ ಮೊದಲು ಮಣಿಗಳನ್ನು ಟರ್ಕಿ ಟವೆಲಿನ ಮೇಲೆ ಸಾಲಾಗಿ ಇಡಿ. ಟವೆಲಿನಲ್ಲಿ ಮಣಿ ಉರುಳುವುದಿಲ್ಲ. ಈಗ ಸಂಕೇತ ಬರೆದ ಚೀಟಿ ಮುಚ್ಚಿಟ್ಟು, ಮಣಿ ನೋಡಿಕೊಂಡು ತಿರುಗಿ ಅಕ್ಷರ ಬರೆಯಿರಿ. ಇನ್ನೊಬ್ಬರ ಕೈಲಿ ಓದಿಸಿದರೆ ಇನ್ನೂ ಒಳ್ಳೆಯದು. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅದು ಅಟ್ಟ ಕೊರೆಸಿದವಳಿಗೆ ಚೆನ್ನಾಗಿ ಗೊತ್ತು.

ಹಂತ 5: ಪೋಣಿಸುವುದು

ಎಲಾಸ್ಟಿಕ್ ದಾರ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಕತ್ತರಿಸಿ, ಎರಡೂ ತುದಿ ಹಿಡಿದು ನಾಲ್ಕೈದು ಸಲ ಎಳೆದು ಬಿಡಿ. ಈಗಲೇ ಎಳೆಯದಿದ್ದರೆ ವಾರದಲ್ಲಿ ಸರ ಜೋಲು ಬೀಳುತ್ತದೆ. ಒಂದು ತುದಿಗೆ ಅಂಟು ಟೇಪು ಹಚ್ಚಿ, ಪೋಣಿಸುತ್ತಾ ಹೋಗಿ. ಮುಗಿದ ಮೇಲೆ ಗಂಟು. ಮಾಮೂಲಿ ಗಂಟಿನಲ್ಲಿ ದಾರವನ್ನು ಒಂದು ಸುತ್ತು ಹೊಸೆಯುತ್ತೇವೆ, ಇಲ್ಲಿ ಎರಡು ಸುತ್ತು ಹೊಸೆದು ಎಳೆಯಿರಿ. ಅದರ ಮೇಲೆ ಇನ್ನೊಂದು ಅಂಥದ್ದೇ ಗಂಟು. ಒಡವೆಗೆಂದೇ ಬರುವ ಮೆತ್ತನೆ ಅಂಟು ಒಂದು ಹನಿ ಬಿಡಿ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೇಡ, ದಾರ ಗಟ್ಟಿಯಾಗಿ ಅಲ್ಲೇ ತುಂಡಾಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ತುದಿ ಕತ್ತರಿಸಿ.

ಕೊರೆಸುವುದಾದರೆ

ಪದಕದ ಹಿಂಬದಿ, ಉಂಗುರದ ಒಳಬದಿ ಲೇಸರ್‌ನಲ್ಲಿ ಕೊರೆಸಬಹುದು. ಇಲ್ಲಿ ತಂತಿಯ ಅಳತೆಯನ್ನೇ ಹಿಡಿಯಿರಿ. ‘ಅಮ್ಮ’ನಿಗೆ ಒಟ್ಟು 33 ಪಾಲು ಬರುತ್ತದೆ. ಒಂದು ಪಾಲಿಗೆ 0.8 ಮಿಲಿಮೀಟರ್ ಅಂದರೆ 26 ಮಿಲಿಮೀಟರ್ ಚಿಲ್ಲರೆ. ಒಳಸುತ್ತು 52 ಮಿಲಿಮೀಟರ್ ಇರುವ ಉಂಗುರದಲ್ಲಿ ಅರ್ಧ ಸುತ್ತು ಬರುತ್ತದೆ. ಚಿನ್ನದ್ದಾದರೆ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಯ ಗುರುತು ಎಲ್ಲಿದೆ ನೋಡಿ, ಅದನ್ನು ಬಿಟ್ಟು ಕೊರೆಯಲು ಹೇಳಿ.

ದಯವಿಟ್ಟು ಟೈಪ್ ಮಾಡಿ ಕಳಿಸಬೇಡಿ. ಎರಡು ಗೀಟು ಒಂದಾಗುವುದು ಮಾತ್ರ ಅಲ್ಲ, ಮೂರು ಚುಕ್ಕೆ ಸೇರಿ ಒಂದೇ ಗುರುತಾಗುವುದೂ ಉಂಟು. ಚೌಕಳಿ ಹಾಳೆಯಲ್ಲಿ ಒಂದು ಪಾಲಿಗೆ ಒಂದು ಮನೆಯ ಲೆಕ್ಕದಲ್ಲಿ ಕಪ್ಪು ಪೆನ್ನಿನಿಂದ ತುಂಬಿ, ಅದರ ಫೋಟೋ ಕಳಿಸಿ. ಕೊರೆಯುವ ಮೊದಲು ಅವರ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಫೋಟೋ ವಾಪಸ್ ತರಿಸಿಕೊಂಡು, ಪಟ್ಟಿ ಹಿಡಿದು ಓದಿ. ಕೊರೆದ ಮೇಲೆ ಅಳಿಸಲು ಆಗುವುದಿಲ್ಲ.

ಚಿನ್ನದ ಗುಂಡಿನಲ್ಲೇ ಮಾಡಿಸುವ ಆಸೆ ಇದ್ದರೆ ನಿಮ್ಮ ಮನೆಗೆ ಗುರುತಿರುವ ಅಕ್ಕಸಾಲಿಗರ ಹತ್ತಿರ ಹೋಗಿ. ಟೊಳ್ಳು ಕೊಳವೆ ಮಾಡಿಸಿದರೆ ತೂಕ ಕಡಿಮೆ. ಅಮ್ಮನ ಅಥವಾ ಹೆಂಡತಿಯ ಮಾಂಗಲ್ಯದ ಸರಕ್ಕೆ ಮಾತ್ರ ಅವರನ್ನು ಕೇಳದೆ ಕೈ ಹಾಕಬೇಡಿ. ಅದನ್ನು ಬಿಚ್ಚುವುದಕ್ಕೂ ಪೋಣಿಸುವುದಕ್ಕೂ ದಿನ, ಹೊತ್ತು ನೋಡುವ ಮನೆಗಳಿವೆ. ಅಚ್ಚರಿ ಕೊಡಲು ಹೋಗಿ ಮನಸ್ತಾಪ ಆದೀತು.

ಕೊಡುವಾಗ

ಏನಿದೆ ಅಂತ ಹೇಳಬೇಕೋ ಬೇಡವೋ? ನಾನು ಪೂರ್ತಿ ಬಾಯಿ ಬಿಡುವುದಿಲ್ಲ. ಡಬ್ಬಿಯಲ್ಲಿ ಅಕ್ಷರಗಳ ಪಟ್ಟಿ ಇಟ್ಟು, ‘ಹವಳದಿಂದ ಶುರು ಮಾಡು’ ಅಂತ ಒಂದು ಸಾಲು ಬರೆಯುತ್ತೇನೆ. ಪಟ್ಟಿಯೂ ಇಲ್ಲದೆ ಕೊಟ್ಟರೆ ಅದು ಸುಮ್ನೆ ಮಣಿಸರ. ಅಪ್ಪ ತಮ್ಮದನ್ನು ಎರಡು ವಾರ ಹಾಗೇ ಹಾಕಿಕೊಂಡಿದ್ದರು. ಆಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿ, ‘ಎರಡನೇದು ಪಿ ತಾನೇ?’ ಅಂದರು.

ಇಂಗ್ಲಿಷ್ ಅಕ್ಷರ ಬಾರದ ಹಿರಿಯರಿಗೆ ಪಟ್ಟಿ ಕೊಟ್ಟು ಉಪಯೋಗವಿಲ್ಲ. ಅವರ ಬೆರಳು ಹಿಡಿದು ಮಣಿ ಮುಟ್ಟಿಸಿ: ಇದು ಗುಂಡು, ಇದು ಉದ್ದ, ಇಲ್ಲಿಗೆ ‘ಅ’ ಮುಗೀತು. ಜಪಸರ ಎಣಿಸಿ ರೂಢಿಯಾದ ಬೆರಳುಗಳಿಗೆ ಇದು ನಮಗಿಂತ ಬೇಗ ಹತ್ತುತ್ತದೆ.

ಕೊನೆಯದಾಗಿ ಒಂದು ಚೀಟಿ

ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ ಹೋಗುವಾಗ ಸರ ತೆಗೆದಿಡಲು ಹೇಳಿ. ಎಷ್ಟೇ ಜೋಪಾನ ಮಾಡಿದರೂ ಎಲಾಸ್ಟಿಕ್ ಒಂದು ದಿನ ಹರಿಯುತ್ತದೆ. ಆಗ ಅವರು ಮಣಿಗಳನ್ನು ಬಾಚಿ ಸರ ಪೋಣಿಸುವವರ ಹತ್ತಿರ ಕೊಡುತ್ತಾರೆ. ಅವರ ಕಣ್ಣಿಗೆ ಅದು ಅಡ್ಡಾದಿಡ್ಡಿ ಜೋಡಣೆ. ಅಕ್ಕನ ಸರಕ್ಕೆ ಹೀಗೇ ಆಯ್ತು. ಪೋಣಿಸಿದವರು ಉದ್ದನೆಯವನ್ನೆಲ್ಲ ಸಮವಾಗಿ ಎರಡು ಬದಿಗೆ ಹಂಚಿ, ಗುಂಡುಗಳನ್ನು ಮಧ್ಯೆ ಇಟ್ಟು, ತುಂಬ ಅಚ್ಚುಕಟ್ಟಾಗಿ ಮಾಡಿ ಕೊಟ್ಟಿದ್ದರು.

ಅದಕ್ಕೇ ಈಗ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸುತ್ತೇನೆ: ಹವಳ, ಗುಂಡು, ಉದ್ದ, ಕರಿಮಣಿ ಎರಡು, ಉದ್ದ, ಉದ್ದ, ಕರಿಮಣಿ ಎರಡು... ಹೀಗೆ ಕೊನೆಯವರೆಗೆ. ಕೆಳಗೆ ಕೆಂಪು ಪೆನ್ನಿನಲ್ಲಿ: ‘ಇದೇ ಸಾಲಿನಲ್ಲಿ ಪೋಣಿಸಿ. ಚೆಂದ ಮಾಡಬೇಡಿ.’